ಗೇರ್‌ಬಾಕ್ಸ್‌ಗೆ ಕುದುರೆ ಎಣಿಸಲು ಬರುವುದಿಲ್ಲ

ಚಿಕ್ಕಮಗಳೂರು ಕಡೆ ಜೀಪಿಗೆ ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವುದು) ಮಾಡಿಸುವವರೆಲ್ಲ ಮೊದಲು ಕೇಳುವುದು, ‘ಈ ಗೇರ್‌ಬಾಕ್ಸ್ ಎಷ್ಟು ಎಚ್‌ಪಿ ತಡೆಯುತ್ತೆ?’ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹೇಳದೆ ಇದಕ್ಕೆ ಉತ್ತರವಿಲ್ಲ. ಶಾಫ್ಟ್ ತಿರುಚುವುದು, ಹಲ್ಲು ಉದುರಿಸುವುದು ಟಾರ್ಕ್, ಅಂದರೆ ತಿರುಚುವ ಬಲ. ಆ ಟಾರ್ಕ್ ಎಷ್ಟು ಬೇಗ ಸುತ್ತುತ್ತಿದೆ ಎನ್ನುವುದನ್ನೂ ಸೇರಿಸಿದ ಕುದುರೆ ಶಕ್ತಿಯ ಲೆಕ್ಕವೇ ಎಚ್‌ಪಿ. ಟಾರ್ಕಿನ ಅಳತೆಯಾದ ನ್ಯೂಟನ್ ಮೀಟರನ್ನು (ಎನ್‌ಎಂ) ಆರ್‌ಪಿಎಂನಿಂದ ಗುಣಿಸಿ 7,023ರಿಂದ ಭಾಗಿಸಿದರೆ ಮೆಟ್ರಿಕ್ ಎಚ್‌ಪಿ ಸಿಗುತ್ತದೆ. 6,000 ಆರ್‌ಪಿಎಂನಲ್ಲಿ 150 ಎಚ್‌ಪಿ ಕೊಡುವ ಪೆಟ್ರೋಲ್ ಎಂಜಿನ್ ಆಗ ಹಾಕುವುದು 176 ಎನ್‌ಎಂ. 3,500ರಲ್ಲೇ ಅಷ್ಟು ಕೊಡುವ ಡೀಸೆಲ್ ಹಾಕುವುದು 300. ಎಚ್‌ಪಿ ಒಂದೇ, ಗೇರ್‌ಬಾಕ್ಸ್‌ನ ಪಾಡು ಬೇರೆ.

ನಾನು ರಿಮ್ಯಾಪ್ ಮಾಡಿಸಿದ್ದು ಈ ಲೆಕ್ಕದ ಮೇಲೆಯೇ. ಕಂಪನಿ ಕೊಟ್ಟಿದ್ದು 300 ಎನ್‌ಎಂ, 130 ಎಚ್‌ಪಿ. 2,800 ದಾಟಿದ ಮೇಲೆ ಟಾರ್ಕ್ ಇಳಿದು, 3,750ರ ಹೊತ್ತಿಗೆ 243ಕ್ಕೆ ಬರುತ್ತದೆ. ಸಾಮಾನ್ಯ ರಿಮ್ಯಾಪ್‌ನಲ್ಲಿ 1,800ರಲ್ಲೇ 380 ಎನ್‌ಎಂ ತುಂಬುತ್ತಾರೆ. ಓಡಿಸಲು ಖುಷಿ, ಆದರೆ ಅಲ್ಲಿ ಆಗುವುದು ಬರೀ 97 ಎಚ್‌ಪಿ, ಹೊರೆ ಮಾತ್ರ ಕಾಲು ಭಾಗ ಹೆಚ್ಚು. ಅದರ ಬದಲು 300ನ್ನು ಮೀರದೆ, ಅದನ್ನೇ 3,500ರವರೆಗೆ ಎಳೆದರೆ 150 ಎಚ್‌ಪಿ ಬರುತ್ತದೆ. ಕ್ಲಚ್‌ಗೂ ಗೇರಿನ ಹಲ್ಲಿಗೂ ಹೊಸ ಭಾರವೇನೂ ಇಲ್ಲ. ಹೆಚ್ಚುವುದು ಬಿಸಿ: ಟರ್ಬೊ, ಕೂಲಂಟ್, ಗೇರ್ ಆಯಿಲ್. ಚಾರ್ಮಾಡಿಯಂಥ ಉದ್ದದ ಘಾಟಿಯಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ.

380 ಬೇಕೇ ಬೇಕೆಂದರೆ ಮೊದಲು ಸೋಲುವುದು ಕ್ಲಚ್. ಅದು ಎಷ್ಟು ತಡೆಯುತ್ತದೆ ಎಂದು ತಿಳಿಯಲು, ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಒತ್ತಡ, ಘರ್ಷಣೆಯ ಗುಣಾಂಕ, ಪ್ಲೇಟಿನ ಸರಾಸರಿ ತ್ರಿಜ್ಯ, ಎರಡು ಮುಖ, ಇವಿಷ್ಟನ್ನೂ ಗುಣಿಸಿ. ಉದಾಹರಣೆಗೆ 6,000 ನ್ಯೂಟನ್, 0.3, 0.1 ಮೀಟರ್, 2: ಒಟ್ಟು 360 ಎನ್‌ಎಂ. 380 ಹಾಕಿದರೆ ಜಾರಲೇಬೇಕು. ಪರೀಕ್ಷೆ ಸುಲಭ. ಖಾಲಿ, ನೇರ ಏರಿನಲ್ಲಿ ನಾಲ್ಕನೇ ಗೇರ್, 1,800 ಆರ್‌ಪಿಎಂ, ಪೂರ್ತಿ ಆಕ್ಸಲರೇಟರ್. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ, ತಕ್ಷಣ ಕಾಲು ತೆಗೆಯಿರಿ. ಒತ್ತಡ 7,200 ನ್ಯೂಟನ್ ಇರುವ ಪ್ರೆಶರ್ ಪ್ಲೇಟ್ ಹಾಕಿದರೆ 432 ಎನ್‌ಎಂ ತಡೆಯುತ್ತದೆ. ಪೆಡಲ್ ಮಾತ್ರ ಗಟ್ಟಿ. ಆದರೆ ಜಾರುವ ಕ್ಲಚ್ ಫ್ಯೂಸ್ ಇದ್ದ ಹಾಗೆ. ಅದನ್ನು ಬಲಪಡಿಸಿದರೆ ಮುಂದಿನ ಸರದಿ ಗೇರ್‌ಬಾಕ್ಸ್‌ನ ಇನ್‌ಪುಟ್ ಶಾಫ್ಟ್‌ದು, ಅದರಾಚೆ ಆಕ್ಸಲ್‌ಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕ್ರಾಸ್‌ದು.

ವೇಗ ತಗ್ಗಿಸಿ ಎಳೆತ ಹೆಚ್ಚಿಸುವ ಲೋ ರೇಂಜಿನಲ್ಲಿ ಕಥೆಯೇ ಬೇರೆ. ಟಾರ್ಕನ್ನು ಮೊದಲ ಗೇರ್ 4 ಪಟ್ಟು, ಲೋ 2.5 ಪಟ್ಟು, ಆಕ್ಸಲಿನ ಕ್ರೌನ್-ಪಿನಿಯನ್ ಗೇರು 4 ಪಟ್ಟು ಮಾಡುತ್ತದೆ ಎಂದಿಟ್ಟುಕೊಂಡರೆ 300 ಎನ್‌ಎಂ ಆಕ್ಸಲ್ ತಲುಪುವಾಗ 12,000 ಎನ್‌ಎಂ. ಜೀಪು 1,800 ಕೆಜಿ, ಟೈರಿನ ತ್ರಿಜ್ಯ 0.38 ಮೀಟರ್, ಒಣಬಂಡೆಯ ಹಿಡಿತ 0.8 ಎಂದರೆ ನಾಲ್ಕೂ ಟೈರು ಸೇರಿ ತಡೆಯುವುದು ಸುಮಾರು 5,400. ಅಷ್ಟರಲ್ಲಿ ಚಕ್ರ ಜಾರುತ್ತದೆ. ಅಂದರೆ ಇಲ್ಲಿ ಮಿತಿ ಹಾಕುವುದು ಎಂಜಿನ್ ಅಲ್ಲ, ಟೈರು. ಆಷಾಢದ ತೋಟದ ಕೆಸರಿನಲ್ಲಿ ಉಳಿದ ಹಾಫ್ ಶಾಫ್ಟ್ (ಆಕ್ಸಲಿನಲ್ಲಿ ಒಂದೊಂದು ಚಕ್ರಕ್ಕೆ ಹೋಗುವ ಶಾಫ್ಟ್) ಏಪ್ರಿಲ್‌ನ ಬಂಡೆಯ ಮೇಲೆ ತುಂಡಾಗುವುದು ಇದಕ್ಕೇ. ಕಡಿದಾದ ಏರಿನಲ್ಲಿ ಶೇ 70ರಷ್ಟು ತೂಕ ಹಿಂದಕ್ಕೆ ಬಂದು, ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್ ಹಾಕಿ, ಒಂದು ಚಕ್ರ ಗಾಳಿಯಲ್ಲಿದ್ದರೆ ಇನ್ನೊಂದು ಶಾಫ್ಟ್ ಒಂದೇ 3,700ಕ್ಕೂ ಹೆಚ್ಚು ಹೊರಬೇಕು. ಗಿರಗಿರ ತಿರುಗುವ ಚಕ್ರ ಥಟ್ಟನೆ ಬಂಡೆ ಕಚ್ಚಿದರೆ ಈ ಲೆಕ್ಕವೂ ಸಾಲದು. ಅಲ್ಲಿ ಆಕ್ಸಲರೇಟರ್ ಬಿಟ್ಟು ನಿಲ್ಲುವುದೊಂದೇ ದಾರಿ. 29 ಇಂಚಿನ ಬದಲು 31 ಇಂಚಿನ ಟೈರು ಹಾಕಿದವರು ಎಂಜಿನ್ ಮುಟ್ಟದಿದ್ದರೂ ಆಕ್ಸಲ್ ಮೇಲಿನ ಹೊರೆಯನ್ನು ಶೇ 7ರಷ್ಟು ಏರಿಸಿಕೊಂಡ ಹಾಗೆ.

ಶಾಫ್ಟಿನ ಬಲ ವ್ಯಾಸದ ಘನದ ಲೆಕ್ಕದಲ್ಲಿ ಏರುತ್ತದೆ. 30 ಮಿ.ಮೀ. ಬದಲು 32 ಹಾಕಿದರೆ, ಲೋಹ ಅದೇ ಇದ್ದರೂ, ಶೇ 21ರಷ್ಟು ಹೆಚ್ಚು. ಹೊಸ ಹಾಫ್ ಶಾಫ್ಟ್ ಕೂರಿಸುವ ಮುನ್ನ ಉದ್ದಕ್ಕೂ ನೇರವಾಗಿ ಒಂದು ಬಿಳಿ ಪೇಂಟಿನ ಗೆರೆ ಎಳೆಯಿರಿ. ಬೇಸಿಗೆ ಮುಗಿದ ಮೇಲೆ ಬಿಚ್ಚಿ ನೋಡಿ. ಗೆರೆ ಓರೆಯಾಗಿದ್ದರೆ ಶಾಫ್ಟ್ ತಿರುಚಿಕೊಂಡಿದೆ ಎಂದರ್ಥ; ತುದಿಯ ಹಲ್ಲು (ಸ್ಪ್ಲೈನ್) ಚೆನ್ನಾಗಿಯೇ ಕಂಡರೂ, ಅದನ್ನು ವಾಪಸ್ ಹಾಕಬೇಡಿ.