ನಾಲ್ಕು ಹೊತ್ತಿನ ಚೀಲ

ರೇಷ್ಮೆ ಹುಳುವಿಗೆ ಹಾಲುತೊಂಡೆ ರೋಗ ಬಂದರೆ ಮೈ ಊದಿಕೊಂಡು, ಚರ್ಮ ಒಡೆದು ಹಾಲಿನಂಥ ನೀರು ಸುರಿಯುತ್ತದೆ. ನಮ್ಮ ಶಿಡ್ಲಘಟ್ಟದ ಕಡೆ ಇದು ಚಿಕ್ಕ ಮಕ್ಕಳಿಗೂ ಗೊತ್ತು. ಕಳೆದ ವರ್ಷ ಒಂದು ಬೆಳಿಗ್ಗೆ ನನ್ನ ಹೊಟ್ಟೆಯಿಂದ ಡಯಾಲಿಸಿಸ್ ಚೀಲಕ್ಕೆ ಇಳಿದ ನೀರೂ ಅದೇ ಬಣ್ಣದಲ್ಲಿತ್ತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನನ್ನ ಕಿಡ್ನಿಗಳು ಸೋತದ್ದು 43ನೇ ವಯಸ್ಸಿನಲ್ಲಿ. ಬಿ.ಪಿ. ಇತ್ತು; ಮಾತ್ರೆಯನ್ನು ನೆನಪಾದಾಗ ನುಂಗುತ್ತಿದ್ದೆ. ಹುಳುವಿಗೆ ಸೊಪ್ಪಿನ ಹೊರೆ ಹೊತ್ತು ಬಂದ ಮಂಡಿನೋವಿಗೆ ಮಾತ್ರ ತಪ್ಪದೆ ಅಂಗಡಿಯಿಂದ ನೋವಿನ ಮಾತ್ರೆ ತರಿಸುತ್ತಿದ್ದೆ, ಅದೂ ವರ್ಷಗಟ್ಟಲೆ. ತಿನ್ನಬೇಕಾದ್ದನ್ನು ಬಿಟ್ಟು ಬೇಡದ್ದನ್ನು ತಿಂದೆ ಎಂದು ತಿಳಿಯುವ ಹೊತ್ತಿಗೆ, ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ 11 ದಾಟಿತ್ತು. ಮುಖ ಊದಿತ್ತು, ಮುದ್ದೆ ಕಂಡರೆ ವಾಕರಿಕೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆ ಸೇರಿದ ದಿನವೇ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಇಳಿಸಿ ಯಂತ್ರಕ್ಕೆ ಜೋಡಿಸಿದರು. ಯಾವ ಬಗೆಯ ಡಯಾಲಿಸಿಸ್ ಬೇಕು ಎಂದು ಯಾರೂ ಕೇಳಲಿಲ್ಲ. ಜೀವ ಉಳಿಸುವ ಗಡಿಬಿಡಿಯಲ್ಲಿ ಹಾಗೆ ಕೇಳುವುದೂ ಇಲ್ಲ. ಆರು ತಿಂಗಳು ಮುಂಚೆ ಹೋಗಿದ್ದರೆ ಕೇಳುತ್ತಿದ್ದರು.

ರಕ್ತದ ಡಯಾಲಿಸಿಸ್ ಎಂದರೆ ರಕ್ತವನ್ನು ಹೊರಗೆ ಎಳೆದು, ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳಿರುವ ಶೋಧಕದ ಮೂಲಕ ಹಾಯಿಸಿ, ಮರಳಿ ಮೈಗೆ ತುಂಬುವುದು. ಒಂದು ಸಲಕ್ಕೆ ನಾಲ್ಕು ಗಂಟೆ, ವಾರಕ್ಕೆ ಮೂರು ಸಲ. ನಾನು ಎರಡೇ ಸಲ ಹೋಗುತ್ತಿದ್ದೆ. ಹೋದ ದಿನದ ಕೆಲಸ ಪೂರ್ತಿ ಹಾಳು, ಮರುದಿನದ್ದು ಅರ್ಧ ಹಾಳು. ಬಿ.ಪಿ.ಎಲ್. ಕುಟುಂಬದವರಿಗೆ 2016ರಲ್ಲಿ ಘೋಷಣೆಯಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಇದು ಉಚಿತ. ಆದರೆ ಬಸ್ಸಿನ ದುಡ್ಡು, ಜೊತೆಗೆ ಬರುವವರ ಕೂಲಿ, ಮನೆಯಲ್ಲಿ ಸೊಪ್ಪಿಗಾಗಿ ಕಾಯುವ ಹುಳು, ಇವೆಲ್ಲ ಆ ಉಚಿತದೊಳಗೆ ಸೇರುವುದಿಲ್ಲ.

ಯಂತ್ರದ ಪಕ್ಕ ಮಲಗಿ ನಾನು ಲೆಕ್ಕ ಹಾಕುತ್ತಿದ್ದುದು ನೀರನ್ನು. ಒಬ್ಬರಿಗೆ ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕು ಎಂದು ಟೆಕ್ನಿಷಿಯನ್ ಹೇಳಿದರು. 1000 ಅಡಿ ಕೊರೆದರೂ ಧೂಳು ಬರುವ ಸೀಮೆಯವಳು ನಾನು. ನನ್ನೊಬ್ಬಳ ರಕ್ತ ತೊಳೆಯಲು ಇಷ್ಟೊಂದು ನೀರೇ ಎಂದು ನಾಚಿಕೆಯಾಗುತ್ತಿತ್ತು. ನನಗೆ ಕುಡಿಯಲು ಇದ್ದದ್ದು ಮಾತ್ರ ದಿನಕ್ಕೆ ಮುಕ್ಕಾಲು ಲೀಟರ್: ಹಿಂದಿನ ದಿನ ಹೋದ ಮೂತ್ರದಷ್ಟು, ಅದರ ಮೇಲೆ ಅರ್ಧ ಲೀಟರ್. ಸಾರು, ಮಜ್ಜಿಗೆ, ಕಾಫಿ ಎಲ್ಲವೂ ಅದರಲ್ಲೇ.

ಕುತ್ತಿಗೆಯ ನಳಿಕೆ ತಾತ್ಕಾಲಿಕ, ಸೋಂಕಿಗೆ ತೆರೆದ ಬಾಗಿಲು. ಅದರ ಬದಲು ಮುಂಗೈಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಹೊಲಿದು ಫಿಸ್ಟುಲಾ ಮಾಡುತ್ತಾರೆ. ಆ ಅಭಿಧಮನಿ ಉಬ್ಬಿ ದಪ್ಪ ಸೂಜಿ ತಾಳುವಂತಾಗಲು ಆರರಿಂದ ಎಂಟು ವಾರ ಬೇಕು. ನನಗೂ ಎಡಗೈಗೆ ಮಾಡಿದರು. ಬೆರಳಿಟ್ಟರೆ ನೂಲು ಬಿಚ್ಚುವ ಘಟಕದ ಮೋಟರಿನ ಹಾಗೆ ಸಣ್ಣಗೆ ನಡುಗುತ್ತಿತ್ತು. ಮೂರನೇ ವಾರ ಒಂದು ರಾತ್ರಿ ಮುಟ್ಟಿ ನೋಡಿದರೆ ನಡುಕವಿಲ್ಲ. ಮೊದಲ ಸಲ ಸೇರಿದ್ದ ಕಡೆ ಅದೇ ಕೈಯ ಮಣಿಕಟ್ಟಿಗೆ ದಿನವೂ ಡ್ರಿಪ್ ಸೂಜಿ ಚುಚ್ಚಿದ್ದರು, ನರವೆಲ್ಲ ಗಟ್ಟಿಯಾಗಿತ್ತು. ಆ ಕೈ ಮುಂದೆ ಬೇಕಾಗುತ್ತದೆ ಎಂದು ಅವರಿಗೆ ಗೊತ್ತಿರಬೇಕಿತ್ತು, ನನಗೆ ಗೊತ್ತಿರಲಿಲ್ಲ. ಸಿಟ್ಟು ಇನ್ನೂ ಇದೆ.

ಫಿಸ್ಟುಲಾ ಸತ್ತ ಮೇಲೆ ಕಿಡ್ನಿ ಡಾಕ್ಟರು ಕುಳಿತು ಮಾತಾಡಿದರು. "ಇನ್ನೊಂದು ಕೈಗೆ ಮಾಡಬಹುದಮ್ಮ. ಇಲ್ಲವಾದರೆ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಇದೆ. ಕೈ ತೊಳೆಯುವುದರಲ್ಲಿ ಸೋಮಾರಿತನ ಇಲ್ಲದವರಿಗೆ ಮಾತ್ರ" ಎಂದರು. ನನಗೆ ನಗು ಬಂತು. ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಕೈಕಾಲು ಅದ್ದದೆ ನಮ್ಮ ಹುಳು ಮನೆಯ ಹೊಸಿಲು ದಾಟಲು ಸ್ವಂತ ಅತ್ತೆಯನ್ನೇ ಬಿಟ್ಟವಳಲ್ಲ ನಾನು.

ಹಿಂದೆ ಆದ ಆಪರೇಷನ್‌ಗಳನ್ನೆಲ್ಲ ಕೇಳಿದರು, ಹರ್ನಿಯಾ ಇದೆಯೇ ಎಂದು ಒತ್ತಿ ನೋಡಿದರು. ನನಗೆ ಆಗಿದ್ದದ್ದು ಸಂತಾನಹರಣ ಚಿಕಿತ್ಸೆ ಮಾತ್ರ, ಅದು ಅಡ್ಡಿಯಾಗಲಿಲ್ಲ. ಹೊಕ್ಕುಳ ಪಕ್ಕದಲ್ಲಿ ಮೆತ್ತನೆಯ ನಳಿಕೆ ಕೂರಿಸಿ, ಗಾಯ ಮಾಯಲು ಎರಡು ವಾರ ಬಿಟ್ಟರು. ಆಮೇಲೆ ನನಗೂ ಯಜಮಾನರಿಗೂ ತರಬೇತಿ. ಇಲ್ಲಿ ಶೋಧಕ ಎಂದರೆ ಕರುಳನ್ನು ಸುತ್ತಿರುವ ನಮ್ಮದೇ ಪೊರೆ. ಎರಡು ಲೀಟರ್ ಸಕ್ಕರೆ ದ್ರಾವಣ ಹೊಟ್ಟೆಯೊಳಗೆ ನಾಲ್ಕರಿಂದ ಎಂಟು ಗಂಟೆ ಕುಳಿತು ಕಶ್ಮಲವನ್ನೂ ಹೆಚ್ಚಿನ ನೀರನ್ನೂ ಎಳೆದುಕೊಳ್ಳುತ್ತದೆ. ಅದನ್ನು ಇಳಿಸಿ ಹೊಸ ಚೀಲ ತುಂಬಬೇಕು, ದಿನಕ್ಕೆ ನಾಲ್ಕು ಸಲ. ಕರೆಂಟು ಬೇಡ, ನಮ್ಮ ಊರಿನಲ್ಲಿ ಇದು ಸಣ್ಣ ಮಾತಲ್ಲ.

ನನ್ನ ಹೊತ್ತುಗಳು ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹತ್ತು. ಹುಳುವಿಗೆ ಸೊಪ್ಪು ಹಾಕಿ ಬಂದು ಸ್ನಾನ, ಆಮೇಲೆ ಚೀಲ. ಕೋಣೆಯ ಬಾಗಿಲು ಹಾಕುತ್ತೇನೆ, ಫ್ಯಾನು ನಿಲ್ಲಿಸುತ್ತೇನೆ, ಮಾಸ್ಕ್ ಕಟ್ಟುತ್ತೇನೆ, ಕೈ ತೊಳೆದು ಒಣಗಿಸುತ್ತೇನೆ. ಚೀಲದ ತಾರೀಖು, ಸೋರಿಕೆ, ದ್ರಾವಣದ ತೀಕ್ಷ್ಣತೆ ನೋಡುತ್ತೇನೆ. 1.5, 2.5, 4.25 ಶೇಕಡ ಎಂದು ಮೂರು ಬಗೆ; ಕಾಲು ಊದಿದ್ದರೆ ಹೆಚ್ಚು ಸಕ್ಕರೆಯದ್ದು, ಅದೂ ಡಾಕ್ಟರನ್ನು ಕೇಳಿ. ಚೀಲವನ್ನು ಬೆಚ್ಚಗೆ ಮಾಡುವುದು ಒಣ ಶಾಖದಲ್ಲಿ ಮಾತ್ರ, ಬಿಸಿನೀರಿನಲ್ಲಿ ಮುಳುಗಿಸುವಂತಿಲ್ಲ. ಇಳಿಯಲು ಇಪ್ಪತ್ತು ನಿಮಿಷ, ತುಂಬಲು ಹತ್ತು. ಇಳಿದ ಚೀಲದ ಕೆಳಗೆ ಪೇಪರ್ ಇಟ್ಟು ನೋಡು, ಅಕ್ಷರ ಓದುವಂತಿದ್ದರೆ ನೀರು ಸರಿಯಿದೆ ಎಂದು ಕಲಿಸಿದ್ದರು. ನಾನು ರೇಷ್ಮೆಗೂಡಿನ ಧಾರಣೆ ಇರುವ ಪುಟವನ್ನೇ ಇಡುತ್ತೇನೆ. ಒಂದೇ ಕೆಲಸದಲ್ಲಿ ಎರಡು ಚಿಂತೆ ಮುಗಿಯುತ್ತದೆ.

ಕಳೆದ ವರ್ಷದ ಆ ಬೆಳಿಗ್ಗೆ ಧಾರಣೆ ಕಾಣಿಸಲಿಲ್ಲ. ಹಿಂದಿನ ದಿನ ಹುಳು ಹಣ್ಣಾಗಿದ್ದವು, ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡುವ ಅವಸರ. ಸಂಜೆಯ ಚೀಲವನ್ನು ಪಡಸಾಲೆಯಲ್ಲೇ, ಮಾಸ್ಕ್ ಇಲ್ಲದೆ ಬದಲಿಸಿದ್ದೆ. ಬೆಳಗಾಗುವ ಹೊತ್ತಿಗೆ ಹೊಟ್ಟೆ ಹಿಂಡುತ್ತಿತ್ತು, ನೀರು ಹಾಲುಹಾಲು. ಹಾಲುತೊಂಡೆ ಬಂದ ಹುಳುವನ್ನು ಆರಿಸಿ ದೂರ ಎಸೆಯುತ್ತೇವೆ. ನನ್ನನ್ನು ಎಲ್ಲಿ ಎಸೆಯುವುದು ಎಂದು ಯಜಮಾನರನ್ನು ಕೇಳಿದೆ. ಅವರಿಗೆ ನಗು ಬರಲಿಲ್ಲ. ಆ ಚೀಲವನ್ನೇ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋದೆವು. ಪರೀಕ್ಷೆಗೆ ಅದೇ ಬೇಕಂತೆ, ಚೆಲ್ಲಿ ಹೋಗಿದ್ದರೆ ಕಷ್ಟವಾಗುತ್ತಿತ್ತು. ಎರಡು ವಾರ ಚೀಲದೊಳಗೇ ಆಂಟಿಬಯೋಟಿಕ್ ಬೆರೆಸಿ ಕೊಟ್ಟರು. ನಳಿಕೆ ಉಳಿಯಿತು. ತಡಮಾಡಿದ್ದರೆ ತೆಗೆಯಬೇಕಾಗುತ್ತಿತ್ತು.

ಊಟದ ವಿಚಾರ ತಮಾಷೆಯದು. ರಕ್ತದ ಡಯಾಲಿಸಿಸ್ ಇದ್ದಾಗ ರಕ್ತದಲ್ಲಿ ಪೊಟ್ಯಾಸಿಯಂ ಏರುವ ಭಯ: ಎಳನೀರು, ಬಾಳೆಹಣ್ಣು, ಟೊಮೆಟೊ ಬೇಡ, ಸೊಪ್ಪು, ತರಕಾರಿ ಬೇಯಿಸಿ ನೀರು ಚೆಲ್ಲಬೇಕು. ನಮ್ಮ ಬಸ್ಸಾರಿನ ಜೀವವೇ ಆ ಬಸಿದ ಕಟ್ಟು! ಮನೆಯವರು ಸಾರು ಉಣ್ಣುತ್ತಿದ್ದರು, ನಾನು ಸಪ್ಪೆ ಪಲ್ಯ ಅಗಿಯುತ್ತಿದ್ದೆ. ಹೊಟ್ಟೆಯ ಡಯಾಲಿಸಿಸ್‌ಗೆ ಬಂದ ಮೇಲೆ ರಕ್ತಪರೀಕ್ಷೆ ನೋಡಿ ಕಟ್ಟಿನ ಸಾರನ್ನು ಸ್ವಲ್ಪ ಉಣ್ಣಲು ಬಿಟ್ಟರು. ಆದರೆ ಇಳಿಯುವ ನೀರಿನಲ್ಲಿ ಪ್ರೋಟೀನೂ ಹೋಗುತ್ತದೆ, ದಿನವೂ ಮೊಟ್ಟೆ ತಿನ್ನಲೇಬೇಕು. ಒಳಗೆ ಹೋಗುವ ಸಕ್ಕರೆಯಿಂದ ನಾಲ್ಕು ಕಿಲೋ ಏರಿದ್ದೇನೆ. ಖರ್ಚಂತೂ ನಮ್ಮದೇ: ತಿಂಗಳಿಗೆ 120 ಚೀಲಗಳ ಬಿಲ್ಲು ಒಂದು ಬೆಳೆಯ ಲಾಭದ ದೊಡ್ಡ ಪಾಲನ್ನು ನುಂಗುತ್ತದೆ. ಆ ಪೆಟ್ಟಿಗೆಗಳಿಗೆ ಒಂದು ಕೋಣೆಯೇ ಹೋಗಿದೆ.

ಹಾಗೆಂದು ಎಲ್ಲರಿಗೂ ಇದನ್ನೇ ಮಾಡಿ ಎನ್ನುವುದಿಲ್ಲ. ನನ್ನ ಪಕ್ಕದ ಹಾಸಿಗೆಯಲ್ಲಿ ಒಬ್ಬ ತಾತ ಬರುತ್ತಿದ್ದರು. ಹೆಂಡತಿ ಇಲ್ಲ, ಮಗ ದೂರ, ಕಣ್ಣಿಗೆ ಪೊರೆ, ಕೈ ನಡುಕ. ಅವರಿಗೆ ವಾರಕ್ಕೆ ಮೂರು ದಿನ ನರ್ಸುಗಳ ಕೈಯಲ್ಲಿರುವುದೇ ಸರಿ. "ಇಲ್ಲಿ ಮಾತಾಡಿಸುವವರಾದರೂ ಇದ್ದಾರೆ ತಾಯಿ" ಎನ್ನುತ್ತಿದ್ದರು. ರಾತ್ರಿ ನಿದ್ದೆಯಲ್ಲೇ ಚೀಲ ಬದಲಿಸುವ ಯಂತ್ರವೂ ಇದೆ, ಅದು ನಮ್ಮ ಕೈಗೆ ಎಟುಕುವ ಬೆಲೆಯದಲ್ಲ.

ಕಸಿಯೇ ಎಲ್ಲಕ್ಕಿಂತ ಒಳ್ಳೆಯದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಸ್ಪತ್ರೆಯ ಬೆಂಚಿನ ಮೇಲೆ ಗಂಡನಿಗೆ ಕಿಡ್ನಿ ಕೊಡಲು ಬಂದ ಹೆಂಡತಿಯರನ್ನು, ಮಗನಿಗೆ ಕೊಡಲು ಬಂದ ತಾಯಂದಿರನ್ನು ಎಷ್ಟೋ ನೋಡಿದೆ. ಹೆಂಡತಿಗೆ ಕೊಡಲು ಬಂದ ಗಂಡ ಒಬ್ಬರೇ ಕಂಡರು. ನಮ್ಮ ಯಜಮಾನರು ಮುಂದೆ ಬಂದರು, ಸಕ್ಕರೆ ಕಾಯಿಲೆಯೆಂದು ಅವರನ್ನು ಬೇಡವೆಂದರು. ತಮ್ಮಂದಿರು ಇಬ್ಬರೂ ಫೋನಿನಲ್ಲಿ ಆರೋಗ್ಯ ವಿಚಾರಿಸುತ್ತಾರೆ. ಸತ್ತವರಿಂದ ದಾನವಾಗಿ ಸಿಗುವ ಕಿಡ್ನಿಗಾಗಿ ರಾಜ್ಯದ ಜೀವಸಾರ್ಥಕತೆ ಪಟ್ಟಿಯಲ್ಲಿ ಹೆಸರು ಬರೆಸಿದ್ದೇನೆ. ಮೊಬೈಲ್ ಚಾರ್ಜ್ ಮುಗಿಯಲು ಬಿಡುವುದಿಲ್ಲ.

ಹೊಟ್ಟೆಯ ಪೊರೆ ಕೆಲವು ವರ್ಷಗಳಲ್ಲಿ ದಣಿಯಬಹುದು, ಆಗ ಮತ್ತೆ ಯಂತ್ರಕ್ಕೆ ಹೋಗಬೇಕಾದೀತು. ಅದಕ್ಕೇ ಬಲಗೈಯನ್ನು ಕಾಯ್ದಿಟ್ಟಿದ್ದೇನೆ. ಲ್ಯಾಬಿನವರು ಸೂಜಿ ತಂದಾಗಲೆಲ್ಲ ಹಸ್ತದ ಹಿಂಬದಿ ತೋರಿಸಿ "ಇಲ್ಲಿ ತೆಗೆಯಪ್ಪ, ಮೇಲೆ ಮುಟ್ಟಬೇಡ" ಎನ್ನುತ್ತೇನೆ. ಅಲ್ಲಿ ನರ ಸಿಗುವುದು ಕಷ್ಟ ಎಂದು ಆ ಹುಡುಗ ಮುಖ ಸಿಂಡರಿಸುತ್ತಾನೆ. ಸಿಂಡರಿಸಲಿ.