ಬೇಸ್‌ಬಾಲ್ ಪಿಚರ್‌ನ ಕೆರಿಯರ್ ಟೇಬಲ್ ಓದೋದು ಹೇಗೆ

ಪಿಚರ್ ಅಂದರೆ ಸಿನಿಮಾ ಅಲ್ಲ, ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವವನು. ಅಂಥವನೊಬ್ಬನ ಕೆರಿಯರ್ ಟೇಬಲ್ ಮೊದಲ ಸಲ ತೆರೆದಾಗ ನಾನು ಮಾಡಿದ್ದು ಕ್ರಿಕೆಟ್ ನೋಡಿ ಬೆಳೆದವರು ಮಾಡುವ ತಪ್ಪನ್ನೇ. ‘ಡಬ್ಲ್ಯು’ ಅಂತಿದ್ದ ಕಾಲಂ ನೋಡಿ ವಿಕೆಟ್ ಅಂದುಕೊಂಡೆ. 27 ಸೀಸನ್ ಆಡಿದವನಿಗೆ ಬರೀ 324 ವಿಕೆಟ್ಟಾ ಅಂತ ಮೂಗು ಮುರಿದಿದ್ದೂ ಆಯ್ತು. ಅದು ವಿಕೆಟ್ ಅಲ್ಲ, ವಿನ್.

ಆ ಟೇಬಲ್ ಅಮೆರಿಕದ ಪಿಚರ್ ನೋಲನ್ ರಯಾನ್‌ದು. 1966ರಲ್ಲಿ ಶುರು ಮಾಡಿ 1993ರವರೆಗೆ ಮೆಟ್ಸ್, ಏಂಜಲ್ಸ್, ಆಸ್ಟ್ರೋಸ್, ರೇಂಜರ್ಸ್ ಅಂತ ನಾಲ್ಕು ತಂಡಗಳಿಗೆ ಆಡಿದವನು. ಅವನ ಟೇಬಲ್ ಇಟ್ಟುಕೊಂಡೇ ಕಲಿಯೋಣ. ಎಡವುವ ಜಾಗಗಳೆಲ್ಲ ಅದರಲ್ಲೇ ಸಿಗುತ್ತವೆ.

ಮೊದಲು ಗೆಲುವು, ಸೋಲಿನ ಕಾಲಂಗಳ ಮೇಲೆ ಬೆರಳಿಟ್ಟು ಮುಚ್ಚಿಬಿಡಿ. ಹೆಚ್ಚಿನ ಟೇಬಲ್‌ಗಳಲ್ಲಿ ಅವೇ ಎಲ್ಲಕ್ಕಿಂತ ಮುಂದೆ ಬರುತ್ತವೆ, ಅದಕ್ಕೇ ಮೋಸ ಹೋಗುತ್ತೇವೆ. ಪಂದ್ಯ ಶುರು ಮಾಡಿದ ಪಿಚರ್‌ಗೆ ಗೆಲುವು ಸಿಗಬೇಕಾದರೆ ಅವನು ಸಾಮಾನ್ಯವಾಗಿ ಕನಿಷ್ಠ 5 ಇನಿಂಗ್ಸ್ ಎಸೆದಿರಬೇಕು, ಅವನು ಹೊರಡುವಾಗ ತಂಡ ಮುಂದಿರಬೇಕು, ಆಮೇಲೆ ಬಂದವರು ಆ ಮುನ್ನಡೆಯನ್ನು ಕೈಬಿಡಬಾರದು. ಅಂದರೆ ಅರ್ಧ ಕೆಲಸ ಬೇರೆಯವರ ಕೈಲಿ! ರಯಾನ್‌ನ 1987ರ ಸಾಲು ನೋಡಿ: 8 ಗೆಲುವು, 16 ಸೋಲು. ಇಷ್ಟೇ ನೋಡಿದರೆ ನಲವತ್ತು ವಯಸ್ಸಾಯ್ತು, ಮನೆಗೆ ಹೋಗಲಿ ಅನ್ನಿಸುತ್ತೆ, ಅಲ್ವಾ? ಅದೇ ಸಾಲಿನಲ್ಲಿ ಸ್ವಲ್ಪ ಬಲಕ್ಕೆ ಬನ್ನಿ. ಇಆರ್‌ಎ (9 ಇನಿಂಗ್ಸ್‌ಗೆ ಸರಾಸರಿ ಬಿಟ್ಟ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 2.76, ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಬಿದ್ದು ಬ್ಯಾಟರ್ ಔಟಾಗೋದು) 270. ಎರಡರಲ್ಲೂ ಆ ವರ್ಷ ನ್ಯಾಷನಲ್ ಲೀಗ್‌ಗೇ (ಅಮೆರಿಕದ ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅವನೇ ಮೊದಲು. ಬೌಲರ್ 20 ರನ್‌ಗೆ 5 ವಿಕೆಟ್ ತೆಗೆದ ದಿನವೇ ಬ್ಯಾಟ್ಸ್‌ಮನ್‌ಗಳು ಮಲಗಿಬಿಟ್ಟರೆ ಹೇಗೋ ಹಾಗೆ, ವರ್ಷಪೂರ್ತಿ. ಇದು ಅಲ್ಲಿನವರಿಗೂ ನಿಧಾನಕ್ಕೆ ಅರ್ಥವಾಯ್ತು. 2018ರಲ್ಲಿ ಜೇಕಬ್ ಡಿಗ್ರಾಮ್ ಅನ್ನುವ ಪಿಚರ್ 10 ಗೆದ್ದು 9 ಸೋತಿದ್ದರೂ ಇಆರ್‌ಎ 1.70 ನೋಡಿ ಸೈ ಯಂಗ್ ಪ್ರಶಸ್ತಿ (ಲೀಗ್‌ನ ಅತ್ಯುತ್ತಮ ಪಿಚರ್‌ಗೆ ಕೊಡುವುದು) ಕೊಟ್ಟರು. ರಯಾನ್‌ಗೆ ಆ ಪ್ರಶಸ್ತಿ ಒಂದು ಸಲವೂ ಸಿಗಲಿಲ್ಲ.

ಈಗ ‘ಐಪಿ’ ಕಾಲಂ. ಎಷ್ಟು ಇನಿಂಗ್ಸ್ ಎಸೆದ ಅನ್ನುವ ಲೆಕ್ಕ. 1987ರಲ್ಲಿ ರಯಾನ್‌ದು 211.2. ಓವರ್ ಬರೆಯುವುದನ್ನು ನೋಡಿದ ನಮಗೆ ಇದು ಸುಲಭ: ಚುಕ್ಕಿಯ ನಂತರದ್ದು ದಶಮಾಂಶ ಅಲ್ಲ. ಒಂದು ತಂಡದ ಇನಿಂಗ್ಸ್‌ಗೆ ಮೂರು ಔಟ್, ಹಾಗಾಗಿ ಇದು 211 ಇನಿಂಗ್ಸ್ ಮತ್ತು 2 ಔಟ್, ಲೆಕ್ಕಕ್ಕೆ 211.67. ಚುಕ್ಕಿಯ ನಂತರ 3 ಯಾವತ್ತೂ ಬರೋದಿಲ್ಲ.

ಇಆರ್‌ಎ ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ ನೋಡಿ, ಆಮೇಲೆ ಮರೆಯೋದಿಲ್ಲ. ಆ ವರ್ಷ ಅವನ ಲೆಕ್ಕಕ್ಕೆ ಬಿದ್ದ ರನ್ 65. ಪೂರ್ತಿ ಪಂದ್ಯ 9 ಇನಿಂಗ್ಸ್ ಆದ್ದರಿಂದ 65ನ್ನು 9ರಿಂದ ಗುಣಿಸಿದರೆ 585, ಅದನ್ನು 211.67ರಿಂದ ಭಾಗಿಸಿದರೆ 2.76. ನಮ್ಮ ಎಕಾನಮಿ ರೇಟ್‌ನ ಅಣ್ಣ ಅಂದುಕೊಳ್ಳಿ. ಒಂದೇ ವ್ಯತ್ಯಾಸ, ಫೀಲ್ಡರ್ ತಪ್ಪಿನಿಂದ ಬಂದ ರನ್ ಇದರಲ್ಲಿ ಸೇರೋದಿಲ್ಲ. ಕ್ರಿಕೆಟ್‌ನಲ್ಲಿ ಆ ಕರುಣೆ ಇಲ್ಲ.

ಮನುಷ್ಯ ಎಂಥವನು ಅಂತ ತಿಳಿಯಬೇಕಾದರೆ ಮಾತ್ರ ಸ್ಟ್ರೈಕ್‌ಔಟ್ ಮತ್ತು ವಾಕ್ ಎರಡನ್ನೂ ಜೊತೆಗೇ ನೋಡಬೇಕು. ವಾಕ್ ಅಂದರೆ ಗೆರೆ ತಪ್ಪಿದ ನಾಲ್ಕು ಎಸೆತಗಳನ್ನು ಬ್ಯಾಟರ್ ಮುಟ್ಟದೆ ಬಿಟ್ಟು, ಸುಮ್ನೆ ನಡೆದುಕೊಂಡು ಮೊದಲ ಬೇಸ್‌ಗೆ ಹೋಗೋದು. ರಯಾನ್‌ದು 5,714 ಸ್ಟ್ರೈಕ್‌ಔಟ್, 2,795 ವಾಕ್, ಎರಡೂ ಮೇಜರ್ ಲೀಗ್ ದಾಖಲೆಗಳೇ. ಪಕ್ಕದಲ್ಲಿ ಇನ್ನೊಬ್ಬ ಪಿಚರ್ ಗ್ರೆಗ್ ಮ್ಯಾಡಕ್ಸ್‌ನ ಟೇಬಲ್ ತೆರೆದಿಡಿ: 3,371 ಸ್ಟ್ರೈಕ್‌ಔಟ್, 999 ವಾಕ್. ಇಬ್ಬರೂ 5,000ಕ್ಕಿಂತ ಜಾಸ್ತಿ ಇನಿಂಗ್ಸ್ ಎಸೆದವರು. ಒಬ್ಬ 9 ಇನಿಂಗ್ಸ್‌ಗೆ ಹೆಚ್ಚುಕಮ್ಮಿ ಐದು ಜನರನ್ನು ಪುಕ್ಕಟೆ ಬೇಸ್‌ಗೆ ಕಳಿಸುತ್ತಾನೆ, ಇನ್ನೊಬ್ಬ ಕಳಿಸೋದು ಇಬ್ಬರಿಗಿಂತ ಕಡಿಮೆ. ಆದರೂ ಇಆರ್‌ಎ ರಯಾನ್‌ದು 3.19, ಮ್ಯಾಡಕ್ಸ್‌ದು 3.16! ಒಬ್ಬ ಬೆಂಕಿ, ಇನ್ನೊಬ್ಬ ದಾರ ಹಿಡಿದು ಅಳತೆ ಮಾಡುವವನು. ನನಗೆ ಎರಡನೆಯವನೇ ಇಷ್ಟ, ಆದರೆ ಟಿಕೆಟ್ ಕೊಂಡು ನೋಡೋದಾದರೆ ಮೊದಲನೆಯವನನ್ನೇ.

ಹಾಗಾದರೆ ಇಬ್ಬರೂ ಸಮಾನಾ? ಅದಕ್ಕೆ ‘ಇಆರ್‌ಎ ಪ್ಲಸ್’ ಅನ್ನುವ ಕಾಲಂ ಇದೆ. ಮೈದಾನ ಯಾವುದು, ಆ ಕಾಲದಲ್ಲಿ ಎಲ್ಲರೂ ಎಷ್ಟು ರನ್ ಬಿಡುತ್ತಿದ್ದರು ಅನ್ನುವುದನ್ನು ಸರಿದೂಗಿಸಿ, ಲೀಗ್‌ನ ಸರಾಸರಿಯನ್ನು 100 ಅಂತ ಹಿಡಿಯುತ್ತಾರೆ. ಇಲ್ಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು. ರಯಾನ್ 112, ಮ್ಯಾಡಕ್ಸ್ 132. ರಯಾನ್ ಒಂಬತ್ತು ವರ್ಷ ಆಡಿದ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಪಿಚರ್‌ಗಳ ಸ್ವರ್ಗ, ಮ್ಯಾಡಕ್ಸ್‌ನ ಒಳ್ಳೆಯ ವರ್ಷಗಳು ಬಂದಿದ್ದು ಬ್ಯಾಟರ್‌ಗಳು ಮೆರೆಯುತ್ತಿದ್ದ 1990ರ ದಶಕದಲ್ಲಿ. ಡೆನ್ವರ್‌ನಲ್ಲಂತೂ ಗಾಳಿ ತೆಳು, ಚೆಂಡು ಕಡಿಮೆ ತಿರುಗುತ್ತೆ, ಹೊಡೆದರೆ ದೂರ ಹೋಗುತ್ತೆ. ಚಿನ್ನಸ್ವಾಮಿಯಲ್ಲಿ ಹೊಡೆಸಿಕೊಂಡ ಬೌಲರ್‌ಗೆ ನಾವು ಸ್ವಲ್ಪ ರಿಯಾಯಿತಿ ಕೊಡಲ್ವಾ, ಹಾಗೇ.

ಸಾಲುಗಳ ನಡುವೆ ಒಂದು ವರ್ಷವೇ ಮಾಯವಾಗಿದ್ದರೆ ಮೊದಲು ಮೊಣಕೈ ಮೇಲೆ ಅನುಮಾನ ಪಡಿ. ಟಾಮಿ ಜಾನ್ ಅನ್ನುವ ಎಡಗೈ ಪಿಚರ್‌ನ ಟೇಬಲ್‌ನಲ್ಲಿ 1975 ಇಲ್ಲ. 1974ರಲ್ಲಿ ಅವನ ಮೊಣಕೈ ಲಿಗಮೆಂಟ್ ಹರಿಯಿತು. ಡಾಕ್ಟರ್ ಫ್ರಾಂಕ್ ಜೋಬ್ ಅವನದೇ ಬಲಗೈಯಿಂದ ಒಂದು ಸ್ನಾಯುರಜ್ಜು ತೆಗೆದು ಎಡಗೈಗೆ ಕಟ್ಟಿದರು. (ಮುಚ್ಚಿದ ಬೆರಳನ್ನು ಒಂದು ನಿಮಿಷ ಎತ್ತೋಣ.) ಅವನ ಒಟ್ಟು 288 ಗೆಲುವಿನಲ್ಲಿ 164 ಬಂದಿದ್ದು ಆಮೇಲೆ. ಆ ಆಪರೇಷನ್‌ಗೆ ಇವತ್ತೂ ಅವನದೇ ಹೆಸರು. ಹಾಗಂತ ಪಿಚಿಂಗ್ ಟೇಬಲ್ ಖಾಲಿ ಅಂದಮೇಲೆ ಆಟಗಾರ ಮನೆಯಲ್ಲೇ ಕೂತಿದ್ದ ಅಂತಲ್ಲ. ಪಿಚಿಂಗ್, ಬ್ಯಾಟಿಂಗ್ ಎರಡೂ ಮಾಡುವ ಶೋಹೆ ಓಟಾನಿ 2024ರಲ್ಲಿ ಒಂದೂ ಇನಿಂಗ್ಸ್ ಎಸೆಯಲಿಲ್ಲ, ಬ್ಯಾಟಿಂಗ್ ಟೇಬಲ್‌ನಲ್ಲಿ ನೋಡಿದರೆ 54 ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ)!

ಕೆಲವು ಟೇಬಲ್‌ಗಳಲ್ಲಿ ಇನಿಂಗ್ಸ್ ಕಡಿಮೆ, ‘ಸೇವ್’ ಜಾಸ್ತಿ ಇರುತ್ತೆ. ಅವರು ಕೊನೆಯಲ್ಲಿ ಬಂದು ಪಂದ್ಯ ಮುಗಿಸುವವರು. ಮರಿಯಾನೋ ರಿವೇರಾ 82 ಗೆದ್ದ, ಸೇವ್ ಮಾಡಿದ್ದು 652. ಇನ್ನು ಕೆಲವರದ್ದು ಪೂರ್ತಿ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ಹಂತ) ಸಾಲುಗಳೇ. 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸಹಿ ಹಾಕಿದ ಉತ್ತರ ಪ್ರದೇಶದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ), ದಿನೇಶ್ ಪಟೇಲ್ ಅವರದ್ದೂ ಹಾಗೆಯೇ.

ಕೊನೆಗೆ ಒಂದು ಲೆಕ್ಕ ನಿಮಗೇ ಬಿಡುತ್ತೇನೆ. 1993ರ ಸೆಪ್ಟೆಂಬರ್ 22, ಸಿಯಾಟಲ್, ರಯಾನ್‌ನ ಕೊನೆಯ ಪಂದ್ಯ. ಮೊದಲ ಇನಿಂಗ್ಸ್‌ನಲ್ಲೇ ಮೊಣಕೈ ಲಿಗಮೆಂಟ್ ಹರಿದು ಹೊರನಡೆದ. ಅಷ್ಟರಲ್ಲಿ ಬಿಟ್ಟ ರನ್ 5, ಔಟ್ ಮಾಡಿದ್ದು ಒಬ್ಬನನ್ನೂ ಇಲ್ಲ. 5ನ್ನು 9ರಿಂದ ಗುಣಿಸಿ ಸೊನ್ನೆಯಿಂದ ಭಾಗಿಸಿ ನೋಡಿ, ಆ ದಿನದ ಇಆರ್‌ಎ ಎಷ್ಟು ಬರುತ್ತೆ ಅಂತ.