ಹಾಯಿದೋಣಿಯಲ್ಲಿ ಸುರಂಗದ ನೀರಿನ ಲೆಕ್ಕ

"ಏಪ್ರಿಲಿನಲ್ಲಿ ಮಾಹೆಗೆ ಹೋಗುವುದು, ಟಿಕೆಟ್ ಆಯ್ತು" ಎಂದಾಗ ನಮ್ಮೂರು ಬಾಯಾರಿನ ನೆರೆಮನೆಯ ಅಣ್ಣ ಕಣ್ಣು ಮಿಟುಕಿಸಿದರು. "ಅದಕ್ಕೆ ವಿಮಾನ ಎಂತಕ್ಕೆ ಮಾರಾಯ? ಬೆಳಿಗ್ಗೆ ಕಾಸರಗೋಡಿನಲ್ಲಿ ರೈಲು ಹತ್ತಿದರೆ ರಾತ್ರಿಗೆ ಬಾಟ್ಲಿ ಸಮೇತ ವಾಪಸ್!" ಕಣ್ಣೂರಿನಾಚೆಯ ಮಾಹೆ ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ಅಗ್ಗದ ಮದ್ಯ. ನಾನು ಹೇಳಿದ್ದು ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸಿನ ದೊಡ್ಡ ದ್ವೀಪ ಮಾಹೆ. ಮಾರಿಷಸ್ಸಿನ ಗವರ್ನರ್ ಆಗಿದ್ದ ಮಾಹೆ ದ ಲಾ ಬೂರ್ದೊನೆ ಎಂಬ ಫ್ರೆಂಚನ ಹೆಸರು ಅದಕ್ಕೆ. ನಮ್ಮ ಮಾಹೆಯನ್ನು ಫ್ರೆಂಚರು ಹಿಡಿದಾಗಲೂ ಇದೇ ಮನುಷ್ಯ ಅಲ್ಲಿದ್ದನಂತೆ. ನೆರೆಮನೆಯವರಿಗೆ ಇದನ್ನು ವಿವರಿಸಿ ಪ್ರಯೋಜನ ಆಗಲಿಲ್ಲ.

ಹಾಯಿದೋಣಿ ಬಾಡಿಗೆಗೆ ಹಿಡಿಯುವ ಐಡಿಯಾ ದುಬಾಯಿಯಲ್ಲಿರುವ ಭಾವನದ್ದು. ಹೋಟೆಲಿನಿಂದ ಹೋಟೆಲಿಗೆ ಪೆಟ್ಟಿಗೆ ಎಳೆಯುವ ಬದಲು ಮಲಗುವ ಕೋಣೆಯೇ ದ್ವೀಪದಿಂದ ದ್ವೀಪಕ್ಕೆ ಹೋಗಲಿ ಅಂತ. ನಾನು ಅಡಿಕೆ ತೋಟದವನು, ಈಜು ಕಲಿತದ್ದು ಕೆರೆಯಲ್ಲಿ. ಇಂಥ ದೋಣಿಯನ್ನು ಎರಡು ರೀತಿಯಲ್ಲಿ ಕೊಡುತ್ತಾರೆ. ನಡೆಸುವ ಸರ್ಟಿಫಿಕೇಟು ನಮ್ಮಲ್ಲಿದ್ದರೆ ಬರೀ ದೋಣಿ, ಇಲ್ಲದಿದ್ದರೆ ದೋಣಿಯ ಜೊತೆಗೆ ಒಬ್ಬ ಕಪ್ತಾನ. ನಮ್ಮದು ಎರಡನೆಯದು.

ಮೊದಲ ತಪ್ಪು ನನ್ನದೇ. ನಾವು ಏಳು ಜನ: ಅಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು, ತಂಗಿ, ಭಾವ. ನಾಲ್ಕು ಕೋಣೆಯ ಕ್ಯಾಟಮರಾನ್, ಅಂದರೆ ಎರಡು ಒಡಲಿನ ಅಗಲ ದೋಣಿ. ಕೋಣೆಗೆ ಇಬ್ಬರಂತೆ ಎಂಟು ಜಾಗ, ಒಂದು ಉಳಿಯಿತು ಎಂದು ಖುಷಿಪಟ್ಟೆ. ಕಪ್ತಾನನೂ ಎಲ್ಲೋ ಮಲಗಬೇಕಲ್ಲ! ಕೆಲವು ದೋಣಿಗಳಲ್ಲಿ ಮೂತಿಯ ಕಡೆ ಅವನಿಗೆಂದೇ ಸಣ್ಣ ಗೂಡು ಇರುತ್ತದೆ, ನಮ್ಮದರಲ್ಲಿ ಇರಲಿಲ್ಲ. ಒಂದು ಕೋಣೆ ಅವನಿಗೆ ಹೋಯಿತು. ಮಗ ಏಳು ರಾತ್ರಿ ಊಟದ ಮೇಜನ್ನು ತಗ್ಗಿಸಿ ಮಾಡಿದ ಹಾಸಿಗೆಯಲ್ಲಿ ಮಲಗಿದ. ಕಪ್ತಾನನ ಊಟವೂ ಬಾಡಿಗೆಗೆ ಹಿಡಿದವರ ಖರ್ಚೇ, ಒಪ್ಪಂದದಲ್ಲಿ ಬರೆದಿತ್ತು. ಓದಿದ್ದರೆ ತಾನೆ?

ಪಟ್ಟಿಯಲ್ಲಿ ಕಾಣುವ ಬಾಡಿಗೆಯನ್ನು ನಂಬಬೇಡಿ. ಕಪ್ತಾನನ ದಿನದ ಸಂಬಳ, ಕೊನೆಯ ದಿನದ ಕ್ಲೀನಿಂಗು, ಹಾಸಿಗೆ ಬಟ್ಟೆ, ದಡಕ್ಕೆ ಹೋಗುವ ರಬ್ಬರ್ ದೋಣಿಯ ಮೋಟಾರು, ಡೀಸೆಲು, ಮರೈನ್ ಪಾರ್ಕ್ ಎಂಬ ರಕ್ಷಿತ ಕಡಲಿನ ಶುಲ್ಕ, ಎಲ್ಲ ಬೇರೆ. ನಮಗೆ ಮೂಲ ಬಾಡಿಗೆಯ ಮೇಲೆ ಹೆಚ್ಚುಕಡಿಮೆ ಅರ್ಧದಷ್ಟು ಸೇರಿತು. ಅದಲ್ಲದೆ ದೋಣಿ ಕೈಗೆ ಸಿಗುವ ಮೊದಲು ಠೇವಣಿ ಎಂದು ಕ್ರೆಡಿಟ್ ಕಾರ್ಡಿನಲ್ಲಿ ಒಂದು ದೊಡ್ಡ ಮೊತ್ತವನ್ನು ತಡೆಹಿಡಿಯುತ್ತಾರೆ. ಮಾಹೆಗೆ ತಾಗಿದ ಈಡನ್ ದ್ವೀಪದ ದೋಣಿಕಟ್ಟೆಯಲ್ಲಿ ನನ್ನ ಕಾರ್ಡು ಎರಡು ಸಲ ಬೇಡವೆಂದಿತು. ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪಿನಲ್ಲಿ ನಾವೇ ತೆರೆಯಬೇಕು. ಅದು ನೆನಪಾದದ್ದು ಹಿಂದೆ ಜರ್ಮನರ ಒಂದು ದಂಡು ಸಾಲು ನಿಂತ ಮೇಲೆ. ತೆರೆದರೂ ಲಿಮಿಟ್ ಸಾಲಲಿಲ್ಲ. ಭಾವನ ದುಬಾಯಿ ಕಾರ್ಡು ಮಾನ ಉಳಿಸಿತು.

ಸಾಮಾನ್ಯವಾಗಿ ಶನಿವಾರ ಸಂಜೆ ಹತ್ತಿ ಮುಂದಿನ ಶನಿವಾರ ಬೆಳಿಗ್ಗೆ ಇಳಿಯುವುದು. ಹತ್ತುವಾಗ ಒಂದು ಗಂಟೆ ಕೂತು ಎಲ್ಲ ತೋರಿಸುತ್ತಾರೆ. ಆಗ ಫೋನಿನಲ್ಲಿ ವಿಡಿಯೋ ಮಾಡಿಕೊಂಡೆ: ಒಡಲಿನ ಗೀರು, ಹಾಯಿಯ ಹೊಲಿಗೆ, ಮುಖ್ಯವಾಗಿ ರಬ್ಬರ್ ದೋಣಿಯ ಪ್ರೊಪೆಲ್ಲರ್. ಆ ವಿಡಿಯೋದ ಕತೆ ಆಮೇಲೆ.

ನೀರಿನ ಟ್ಯಾಂಕು 600 ಲೀಟರು ಎಂದಾಗ ಭಾವ "ಧಾರಾಳ" ಎಂದ. ಅಮ್ಮ ಮಾತ್ರ ಬೆರಳು ಮಡಚಿದಳು. ಎಂಟು ಜನ, ಏಳು ದಿನ. ತಲೆಗೆ ದಿನಕ್ಕೆ ಹನ್ನೊಂದು ಲೀಟರೂ ಇಲ್ಲ, ಒಂದು ಕೊಡವೂ ಆಗಲಿಲ್ಲ. ಕುಡಿಯುವುದಕ್ಕೆ ಬೇರೆ ಬಾಟ್ಲಿ ತಂದಿದ್ದೆವು, ಆದರೆ ಮೀಯುವುದು, ಪಾತ್ರೆ, ಕೈಕಾಲು ಎಲ್ಲ ಇದರಲ್ಲೇ. ನಮ್ಮ ಮನೆಗೆ ನೀರು ಬರುವುದು ಗುಡ್ಡದ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗದಿಂದ. ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ ಇಳಿದು ತೊಟ್ಟಿ ತುಂಬುತ್ತದೆ. ಮೇ ತಿಂಗಳಿಗೆ ಹೆಬ್ಬೆರಳು ಗಾತ್ರದ ಧಾರೆ ನೂಲಿನಷ್ಟಾಗುತ್ತದೆ. ಐವತ್ತು ವರ್ಷ ಆ ನೂಲಿನ ಲೆಕ್ಕದಲ್ಲಿ ಸಂಸಾರ ನಡೆಸಿದವಳಿಗೆ ಈ ದೋಣಿ ಹೊಸತೇನೂ ಅಲ್ಲ.

ಆದರೂ ಮೊದಲ ದಿನ ಅವಳ ಮಾತು ಯಾರೂ ಕೇಳಲಿಲ್ಲ. ಎಲ್ಲರೂ ಶವರಿನ ಅಡಿ ನಿಂತೆವು. ಭಾನುವಾರ ರಾತ್ರಿ ಮೀಟರಿನ ಮುಳ್ಳು ಅರ್ಧಕ್ಕೆ. ಕಪ್ತಾನ ಏನೂ ಹೇಳದೆ ನಮ್ಮ ಮುಖ ನೋಡಿದ. ಸೋಮವಾರದಿಂದ ಅಮ್ಮನದ್ದೇ ಆಡಳಿತ: ಪಾತ್ರೆಯನ್ನು ಉಪ್ಪುನೀರಿನಲ್ಲಿ ತಿಕ್ಕಿ, ಸಿಹಿನೀರಿನಲ್ಲಿ ಒಮ್ಮೆ ಅದ್ದಿ ತೆಗೆಯುವುದು. ಕಡಲಲ್ಲಿ ಮುಳುಗಿ ಎದ್ದು, ಹಿಂಬದಿಯ ಮೆಟ್ಟಿಲಿನಲ್ಲಿ ಕೂತು ತಲೆಗೆ ಎರಡು ಚೆಂಬು, ಮಕ್ಕಳಿಗೆ ಮೂರು. ಅಕ್ಕಿ ತೊಳೆದ ನೀರಿನಲ್ಲಿ ಕೈ ತೊಳೆಯುವುದು. ಕಪ್ತಾನ ಎರಡು ದಿನ ಇದನ್ನು ನೋಡಿ, "ನಿಮ್ಮ ಅಮ್ಮ ಮೊದಲು ಯಾವ ಹಡಗಿನಲ್ಲಿದ್ದರು?" ಎಂದು ಕೇಳಿದ.

ಗಾಳಿಯ ವಿಷಯ ಹೇಳಬೇಕು. ಸೇಶೆಲ್ಸಿನಲ್ಲಿ ಮೇಯಿಂದ ಅಕ್ಟೋಬರ್ ತನಕ ಆಗ್ನೇಯದ ಗಾಳಿ, ಡಿಸೆಂಬರಿನಿಂದ ಮಾರ್ಚ್ ತನಕ ವಾಯವ್ಯದ್ದು. ನಡುವೆ ಗಾಳಿ ಮಗ್ಗುಲು ಬದಲಿಸುವ ಹೊತ್ತಿನಲ್ಲಿ ಕಡಲು ಎಣ್ಣೆ ಹೊಯ್ದ ಹಾಗೆ. ಮಕ್ಕಳ ಶಾಲೆಗೆ ರಜೆ ಏಪ್ರಿಲಿನಲ್ಲಿ, ಆದ್ದರಿಂದ ನಮಗೆ ಸಿಕ್ಕಿದ್ದು ಎಣ್ಣೆ ಕಡಲು. ಮಾಹೆಯಿಂದ ಪ್ರಲೇನ್ ದ್ವೀಪಕ್ಕೆ ಸುಮಾರು 25 ನಾಟಿಕಲ್ ಮೈಲು, ನಮ್ಮ ಲೆಕ್ಕದಲ್ಲಿ 46 ಕಿಲೋಮೀಟರು. ಹಾಯಿ ಬಿಚ್ಚಿದ್ದು ನಿಜ, ಫೋಟೋ ಉಂಟು. ಆದರೆ ಅದು ನೇತಾಡುತ್ತಿದ್ದ ಸೀರೆಯ ಹಾಗೆ ಇತ್ತು. ಐದು ಗಂಟೆಯಲ್ಲಿ ಮೂರು ಗಂಟೆ ಇಂಜಿನಿನಲ್ಲೇ ಹೋದೆವು. ಭಾವನಿಗೆ ಬೇಸರ. ನನಗೆ ಇಲ್ಲ. ತಂಗಿ ಅಷ್ಟು ಸಣ್ಣ ಅಲೆಗೂ ಶುಂಠಿ ಜಗಿಯುತ್ತ ದಿಗಂತ ನೋಡುತ್ತ ಕೂತಿದ್ದಳು, ಜುಲೈಯ ಗಾಳಿಯಲ್ಲಿ ಅವಳ ಗತಿ ಏನಾಗುತ್ತಿತ್ತೋ. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಹಾಯಿಯ ಆಸೆ ಇರುವ ಗಟ್ಟಿ ಹೊಟ್ಟೆಯವರು ಜೂನಿನ ನಂತರ ಹೋಗಲಿ. ಮಕ್ಕಳು, ಮುದುಕರು ಇದ್ದರೆ ಏಪ್ರಿಲೇ ಸರಿ. ನೀರು ತಿಳಿ, ಕನ್ನಡಕ ಹಾಕಿ ಮುಖ ಮುಳುಗಿಸಿದರೆ ಹವಳದ ಮೀನು ಕೈಗೆ ಸಿಗುವ ಹಾಗೆ.

ಸಂಜೆ ನಾಲ್ಕಕ್ಕೆಲ್ಲ ಕಪ್ತಾನ ಲಂಗರಿಗೆ ಜಾಗ ಹುಡುಕುತ್ತಿದ್ದ. ಕತ್ತಲಾದ ಮೇಲೆ ನಡೆಸಬಾರದೆಂದು ಒಪ್ಪಂದದಲ್ಲೇ ಉಂಟು. ಅದಕ್ಕಿಂತ ಮುಖ್ಯವಾಗಿ, ಸೂರ್ಯ ಮೇಲಿದ್ದರೆ ಮಾತ್ರ ಅಡಿಯ ಬಣ್ಣ ಕಾಣುತ್ತದೆ. ಬಿಳಿ ನೀಲಿ ಅಂದರೆ ಮರಳು, ಕಂದು ಅಂದರೆ ಹವಳ. ಲಂಗರು ಬೀಳಬೇಕಾದ್ದು ಮರಳಿಗೆ. ಆಳದ ನಾಲ್ಕೈದು ಪಟ್ಟು ಸರಪಳಿ ಬಿಟ್ಟು, ಇಂಜಿನನ್ನು ಹಿಂದಕ್ಕೆ ಕೊಟ್ಟು, ದಡದ ಎರಡು ಮರ ಸಾಲಾಗಿ ನಿಂತಿವೆಯೋ ಎಂದು ನೋಡುತ್ತಾನೆ. ಮರ ಅಲ್ಲಾಡದಿದ್ದರೆ ಲಂಗರು ಹಿಡಿದಿದೆ. ಎರಡನೇ ದಿನಕ್ಕೆ ಮಗ ಆ ಕೆಲಸ ವಹಿಸಿಕೊಂಡ.

ಆ ಮರಗಳನ್ನು ಅಲ್ಲಿಯವರು ತಾಕಮಾಕ ಎನ್ನುತ್ತಾರೆ. ಅಮ್ಮ ಎಲೆ ಮುರಿದು ನೋಡಿ "ಇದು ಹೊನ್ನೆ ಅಲ್ವಾ ಮಗಾ?" ಎಂದಳು. ಹೊನ್ನೆಯೇ. ರಾಜಧಾನಿ ವಿಕ್ಟೋರಿಯಾದ ಮಾರ್ಕೆಟಿನಲ್ಲಿ ಅವಳು ಇನ್ನೂ ಎರಡು ನೆಂಟರನ್ನು ಪತ್ತೆಮಾಡಿದ್ದಳು: ಬಿಂಬುಳಿ ಮತ್ತು ಜೀಗುಜ್ಜೆ, ಅಂದರೆ ದೀವಿಹಲಸು. ಬಿಂಬುಳಿಗೆ ಅಲ್ಲಿಯೂ ಬಿಲಿಂಬಿ ಎಂದೇ ಹೆಸರು. ಜೀಗುಜ್ಜೆ ತಿಂದವನು ಸೇಶೆಲ್ಸಿಗೆ ಮತ್ತೆ ಬಂದೇ ಬರುತ್ತಾನೆ ಎಂದು ಅಲ್ಲಿಯವರ ನಂಬಿಕೆ. ದ್ವೀಪಗಳಲ್ಲಿ ತರಕಾರಿ ದುಬಾರಿ, ಬಹಳಷ್ಟು ಹೊರಗಿನಿಂದ ಬರುತ್ತದೆ. ಹಾಗಾಗಿ ವಾರವಿಡೀ ಜೀಗುಜ್ಜೆ ಪೋಡಿ, ಜೀಗುಜ್ಜೆ ಪಲ್ಯ, ಬಿಂಬುಳಿ ಗೊಜ್ಜು. ಊರಿಂದ ಸಾರಿನ ಪುಡಿ, ಹಪ್ಪಳ ಒಯ್ದಿದ್ದೆವು. ಹಸಿ ಹಣ್ಣು ತರಕಾರಿ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಕಪ್ತಾನ ಪಾರ್ಕಿನ ಗಡಿ ದಾಟಿದ ಮೇಲೆ ಗಾಳ ಹಾಕಿ ಮೀನು ಹಿಡಿದು ಹಿಂಬದಿಯ ಒಲೆಯಲ್ಲಿ ಸುಟ್ಟುಕೊಳ್ಳುತ್ತಿದ್ದ. ಅಮ್ಮ ಗಾಳಿ ನೋಡಿ ಜಾಗ ಬದಲಿಸುತ್ತಿದ್ದಳು.

ಪ್ರಲೇನಿನಲ್ಲಿ ಟ್ಯಾಂಕು ತುಂಬಿಸಿ ವಾಲೇ ದ ಮೇ ಕಾಡಿಗೆ ಹೋದೆವು. 1983ರಿಂದ ವಿಶ್ವ ಪರಂಪರೆಯ ತಾಣ ಅದು. ಜೋಡಿ ತೆಂಗಿನಂಥ ಕೊಕೊ ದ ಮೇರ್ ಬೆಳೆಯುವುದು ಅಲ್ಲಿ. ಜಗತ್ತಿನ ಅತಿ ದೊಡ್ಡ ಬೀಜ. ತಾಳೆಯ ಹಾಗೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲಿ ತೆಂಗಿನ ಬಗೆಬಗೆ ತಳಿ ಕಂಡ ನನಗೂ ಅದನ್ನು ಎತ್ತಿ ನೋಡಿದಾಗ ಸೊಂಟ ಹಿಡಿಯಿತು. ಲಾ ದಿಗ್ ದ್ವೀಪದಲ್ಲಿ ಸೈಕಲ್ ಬಾಡಿಗೆಗೆ ಹಿಡಿದು ಹೋದರೆ ಹಳೆಯ ಕೊಬ್ಬರಿ ಗಾಣ, ಪಕ್ಕದಲ್ಲಿ ಕೊಬ್ಬರಿ ಒಣಗಿಸುವ ಗೂಡು. ಪ್ರಸಿದ್ಧ ಬೀಚು ಅದರ ಹಿಂದೆಯೇ. ನಾವು ಗಾಣದ ಹತ್ತಿರವೇ ಒಂದು ಗಂಟೆ ಕಳೆದೆವು.

ಕ್ಯೂರಿಯೂಸ್ ದ್ವೀಪದಲ್ಲಿ ದೈತ್ಯ ಆಮೆಗಳು ದನಗಳ ಹಾಗೆ ಓಡಾಡಿಕೊಂಡಿರುತ್ತವೆ. ಅವುಗಳನ್ನು ನೋಡುವ ಅವಸರದಲ್ಲಿ, ಕಡಲು ಇಳಿತದ ಹೊತ್ತಿನಲ್ಲಿ, ರಬ್ಬರ್ ದೋಣಿಯನ್ನು ನಾನೇ ಬಂಡೆಗೆ ತಾಗಿಸಿದೆ. ಪ್ರೊಪೆಲ್ಲರಿನ ಒಂದು ಎಲೆ ಬಾಗಿತು. ವಾಪಸ್ ಕೊಡುವಾಗ ಕಂಪನಿಯವರು ಎರಡು ಎಲೆಯ ದುಡ್ಡು ಕೇಳಿದರು. ವಿಡಿಯೋ ತೋರಿಸಿದೆ. ಇನ್ನೊಂದು ಎಲೆ ಮೊದಲೇ ಮುಕ್ಕಾಗಿತ್ತು. ಠೇವಣಿಯಲ್ಲಿ ಒಂದರ ದುಡ್ಡು ಮಾತ್ರ ಮುರಿದುಕೊಂಡರು. ದಿನದ ಲೆಕ್ಕದಲ್ಲಿ ಕಟ್ಟಿದ್ದ ವಿಮೆ ರಬ್ಬರ್ ದೋಣಿಗೆ ಅನ್ವಯಿಸುವುದಿಲ್ಲವಂತೆ. ಅದೂ ಒಪ್ಪಂದದಲ್ಲಿ ಇತ್ತಂತೆ.

ಶುಕ್ರವಾರ ಸಂಜೆಯೇ ಕಟ್ಟೆಗೆ ಬಂದು ಕಟ್ಟಿ, ಕೊನೆಯ ರಾತ್ರಿ ಅಲ್ಲೇ ಮಲಗಿದೆವು. ಕಟ್ಟೆಯಲ್ಲಿ ನಲ್ಲಿಗೆ ಪೈಪು ಸಿಕ್ಕಿಸಿಟ್ಟಿದ್ದರು, ಮೀಟರಿಲ್ಲ, ಮುಳ್ಳಿಲ್ಲ. ಟ್ಯಾಂಕಿನಲ್ಲಿ ಇನ್ನೂ ಕಾಲುಭಾಗ ಉಳಿದಿತ್ತು. ಅಮ್ಮ ಕಪ್ತಾನನಿಂದ ಬಕೆಟ್ ಕೇಳಿ ಪಡೆದು, ಮೀಯುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಂದು ತುಂಬಿತು, ಸುರಿಯಿತು. ಎರಡನೆಯದೂ ಸುರಿಯಿತು. ಮೂರನೆಯದಕ್ಕೆ ಭಾವ ಹೊರಗಿನಿಂದ ಚಪ್ಪಾಳೆ ತಟ್ಟಿದ.